ಹತ್ತು ವರ್ಷ ಬಳಸಿದ ಮೇಲೆ: ನಮ್ಮೂರ ನಗರಸಭೆ, ನಮ್ಮನೆ ನಲ್ಲಿ

ಮಿಕ್ಸಿ, ಸ್ಕೂಟರಿಗೆಲ್ಲ ಜನ ವಿಮರ್ಶೆ ಬರೆಯುತ್ತಾರೆ. ನಾನು ಹತ್ತು ವರ್ಷದಿಂದ ದುಡ್ಡು ಕೊಟ್ಟು ಬಳಸುತ್ತಿರುವುದು ನಗರಸಭೆಯನ್ನು. ಊರಿನ ಹೆಸರು ಬೇಡ. ಮಲೆನಾಡು, ಊರ ನಡುವೆ ಒಂದು ಕೆರೆ, ಅಷ್ಟು ಸಾಕು. ಸಾಗರದ ಗಣಪತಿ ಕೆರೆಗೆ ಕೆಳದಿ ನಾಯಕರು ಕಟ್ಟಿಸಿದ್ದು ಅನ್ನುವ ಹೆಸರಿದೆ. ನಮ್ಮದನ್ನು ಸುಮ್ನೆ ದೊಡ್ಡ ಕೆರೆ ಅಂತಾರೆ.

ಕಂದಾಯದ ಮಟ್ಟಿಗೆ ದೂರಿಲ್ಲ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ಪಿಂಚಣಿಯ ಮನೆ ನಮ್ಮದು, ಹಾಗಾಗಿ ಮೊದಲ ವಾರದಲ್ಲೇ ಚಲನ್ ಹರಿಸಿಕೊಂಡು ಬರುತ್ತೇನೆ. ಕಸದ ಗಾಡಿಯೂ ಬರುತ್ತದೆ, ಹಸಿ ಕಸ ಒಣ ಕಸ ಬೇರೆ ಮಾಡದಿದ್ದರೆ ಬೈಸಿಕೊಳ್ಳಬೇಕು.

ಗೋಳು ನೀರಿನದು. ಜುಲೈಯಲ್ಲಿ ಕೆರೆ ಕೋಡಿ ಬೀಳುತ್ತದೆ, ಸೂರಿನಿಂದ ಹಗಲೂ ರಾತ್ರಿ ಸುರಿಯುತ್ತದೆ, ನಲ್ಲಿಯಲ್ಲಿ ಮಾತ್ರ ಟೀ ಬಣ್ಣ. ದಿನ ಬಿಟ್ಟು ದಿನ, ಬೆಳಗ್ಗೆ ಐದೂವರೆಗೆ. ನಲ್ಲಿ ಮೊದಲು ಕೆಮ್ಮುತ್ತದೆ. ಆಮೇಲೆ ಸುಯ್ ಅಂತ ಗಾಳಿ. ಮೊದಲ ಎರಡು ಕೊಡ ಬಸಳೆ ಚಪ್ಪರಕ್ಕೆ. ಮೂರನೆಯದಕ್ಕೆ ನಲ್ಲಿಯ ಬಾಯಿಗೆ ಹಳೇ ಪಂಚೆ ತುಂಡು ಕಟ್ಟಿ ಹಂಡೆ ತುಂಬಿಸುತ್ತೇನೆ. ಅಷ್ಟೊತ್ತಿಗೆ ಬಚ್ಚಲೊಲೆ ಹತ್ತಿರುತ್ತದೆ. ಈ ಒಂದು ಗಂಟೆ ನನಗೆ ಇಷ್ಟ, ಸುಳ್ಳು ಯಾಕೆ ಹೇಳಲಿ.

ಮೂರು ವರ್ಷದ ಹಿಂದೆ ಗೇಟಿನ ಮುಂದಿನ ಪೈಪಿನ ಜಾಯಿಂಟು ಸೋರತೊಡಗಿತು. ಮೊಬೈಲಿನಲ್ಲಿ ಫೋಟೊ ಸಮೇತ ದೂರು ಕೊಟ್ಟೆ. ನಾಲ್ಕನೇ ದಿನ ಮೆಸೇಜು: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ.’ ಹೊರಗೆ ಹೋಗಿ ನೋಡಿದೆ. ನೀರು ಚರಂಡಿಗೆ ಹರಿಯುತ್ತಲೇ ಇತ್ತು, ಮೇಲೊಂದು ಕಾಗೆ ಸ್ನಾನ ಮಾಡುತ್ತಿತ್ತು. ಮತ್ತೆರಡು ಸಲ ದೂರು, ಮತ್ತೆರಡು ಸಲ ಪರಿಹಾರ! ಕಚೇರಿಗೆ ಹೋದರೆ ಇಂಜಿನಿಯರ್ ಸಾಹೇಬರು ಸೈಟಿಗೆ ಹೋಗಿದಾರೆ. ಯಾವ ಸೈಟೋ, ನಮ್ಮ ಬೀದಿಯಂತೂ ಅಲ್ಲ.

ವಾರ್ಡಿನ ಸದಸ್ಯರನ್ನು ಕೇಳಬಹುದಿತ್ತಲ್ವಾ ಅಂತೀರಿ. ಆ ಕಥೆಯೂ ಗೊತ್ತಲ್ಲ. 2018ರಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ ಸದಸ್ಯರನ್ನು ಗೆಲ್ಲಿಸಿ ಕಳಿಸಿದರು. ಅಧ್ಯಕ್ಷರ ಮೀಸಲಾತಿ ಕೋರ್ಟು ಹತ್ತಿ 2020ರ ತನಕ ಕುರ್ಚಿಯೇ ಖಾಲಿ. ಕುರ್ಚಿ ಇಲ್ಲದೆ ಸಭೆ ಇಲ್ಲ, ಅಧಿಕಾರಿಗಳದೇ ಆಡಳಿತ. ನಮ್ಮ ಸದಸ್ಯರಿಗೆ ಆಗ ಹತ್ತಿದ ‘ನನ್ನ ಕೈಲಿ ಏನಿದೆ ಹೇಳಿ ಸಾರ್’ ಅನ್ನುವ ರೂಢಿ ಆಮೇಲೂ ಹೋಗಲಿಲ್ಲ.

ಕೊನೆಗೆ ಸರಿ ಮಾಡಿದ್ದು ನಮ್ಮ ನೀರುಗಂಟಿ. ಕತ್ತಲಲ್ಲೇ ಟಾರ್ಚು ಹಿಡಿದು ವಾಲ್ವು ತಿರುಗಿಸುತ್ತಾ, ‘ಅಮ್ಮಾ, ನೀರು ಬಿಟ್ಟಿದೀನಿ’ ಅಂತ ಪ್ರತಿ ಗೇಟಿಗೂ ಕೂಗಿ ಹೋಗುವವನು. ಒಂದು ದಿನ ನನ್ನವಳು ಕಷಾಯ ಕೊಡುತ್ತಾ ‘ಅಣ್ಣಾ, ಇದೊಂದು ನೋಡು’ ಅಂದಳು. ಲೋಟ ಕಟ್ಟೆ ಮೇಲಿಟ್ಟ. ಸೈಕಲ್ಲಿನ ಹಳೇ ಟ್ಯೂಬು ಸೀಳಿ, ಜಾಯಿಂಟಿಗೆ ಬಿಗಿದು ಸುತ್ತಿ, ತಂತಿ ಕಟ್ಟಿದ. ಹತ್ತು ನಿಮಿಷ. ದುಡ್ಡು ಕೊಡಹೋದರೆ ಬೇಡ ಅಂದ. ಅವನದು ಹೊರಗುತ್ತಿಗೆ ಕೆಲಸ, ಆಗ ಎರಡು ತಿಂಗಳ ಸಂಬಳ ಬಂದಿರಲಿಲ್ಲ ಅನ್ನುವುದು ನಮಗೆ ಆಮೇಲೆ ತಿಳಿದದ್ದು. ಅಲ್ಲಿಂದ ನನ್ನ ಬೈಗುಳ ಸ್ವಲ್ಪ ಕಡಿಮೆಯಾಗಿದೆ. ಯಾರಿಗೆ ಅಂತ ಬೈಯಲಿ?

ಟ್ಯೂಬು ಎರಡು ಮಳೆಗಾಲ ತಡೆದಿದೆ. ಈಚೆಗೆ ಅಂಚಿನಲ್ಲಿ ಜಿನುಗುತ್ತಿದೆ. ಆ್ಯಪ್ ತೆಗೆಯಲಿಲ್ಲ, ನಾಳೆ ನೀರಿನ ದಿನ. ಕಷಾಯಕ್ಕೆ ಒಂದು ಲೋಟ ಜಾಸ್ತಿ ಇಡು ಅಂತ ಹೇಳಿದ್ದೇನೆ.