ಜಾಝ್ ಬಾಸ್: ಪಿಕಪ್ ಬದಲಿಸಬೇಕೇ, ಹಾಗೆಯೇ ಬಿಡಬೇಕೇ?

ಲಿಯೋ ಫೆಂಡರ್ ಅವರ ಕಂಪನಿ 1960ರಲ್ಲಿ ಹೊರತಂದ ಜಾಝ್ ಬಾಸ್ ಎಂಬ ಬಾಸ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಎರಡು ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ) ಪಿಕಪ್‌ಗಳಿದ್ದು, ಅದೇ ಮಾದರಿಯ ನನ್ನ ಗಿಟಾರಿನ ಸೊಗಸೂ ತೊಡಕೂ ಅಲ್ಲಿಂದಲೇ ಹುಟ್ಟುತ್ತವೆ. ಎರಡೂ ವಾಲ್ಯೂಮ್‌ಗಳನ್ನು ಪೂರ್ತಿ ತಿರುಗಿಸಿದಾಗ ಇಲ್ಲದ ಗುಂಯ್‌ ಸದ್ದು ಬ್ರಿಜ್ (ತಂತಿಗಳ ಕೆಳತುದಿಯನ್ನು ಹಿಡಿಯುವ ಭಾಗ) ಬಳಿಯ ಪಿಕಪ್ ಒಂದನ್ನೇ ಬಳಸಿದ ಕೂಡಲೇ ಕೇಳಿಸುತ್ತದೆ. ಏಕೆಂದರೆ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಸುತ್ತಿದ ಆ ಸುರುಳಿಗಳು ಸಮಪ್ರಮಾಣದಲ್ಲಿ ಸೇರಿದಾಗ ಮಾತ್ರ ಅದು ರದ್ದಾಗುತ್ತದೆ. ಸುರುಳಿಗಳನ್ನು ಒಂದರ ಮೇಲೊಂದು ಜೋಡಿಸಿದ ಪಿಕಪ್ ಹಾಕಿಸಿದರೆ ಗದ್ದಲ ಅಡಗುತ್ತದೆಯಾದರೂ, ಬ್ರಿಜ್ ಬಳಿ ಮೀಟಿದಾಗ ಬರುವ ಮೂಗುದನಿಯಂಥ ಗಡಸು ನಾದ ತುಸು ಮಂಕಾಗುತ್ತದೆ ಎಂಬುದು ನನ್ನ ಕಿವಿಯ ತೀರ್ಪು.

9 ವೋಲ್ಟ್ ಬ್ಯಾಟರಿ ಬೇಡುವ, ವಾದ್ಯದೊಳಗೇ ಸಂಕೇತವನ್ನು ಬಲಪಡಿಸುವ ಪ್ರೀಆಂಪ್‌ನ ಆಸೆಯನ್ನಂತೂ ಬಿಟ್ಟಿದ್ದೇನೆ. ಬಾಸ್ ವಾದಕ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬಾಸ್‌ಗೆ ಅದು ಒಪ್ಪಿತೆಂದ ಮಾತ್ರಕ್ಕೆ ನನ್ನ ಕೈಗೂ ಒಪ್ಪಬೇಕೆಂದಿಲ್ಲ.

ಹೊಸ ನಿಕಲ್ ತಂತಿಗಳನ್ನು ಹಾಕಿ, ಗಿಟಾರಿನ ಕತ್ತಿನ ಬಾಗನ್ನು ಹೊಂದಿಸುವ ಟ್ರಸ್ ರಾಡ್ ಸರಿಪಡಿಸಿ, ಪಿಕಪ್‌ನ ತಿರುಪು ಸಡಿಲಿಸಿ 'ಜಿ' ತಂತಿಯ ಕಡೆ ಕೊಂಚ ಮೇಲೆತ್ತಿದ ಬಳಿಕ, ದುರ್ಬಲವೆನಿಸುತ್ತಿದ್ದ ಆ ತಂತಿಯ ನಾದ ಉಳಿದವುಗಳ ಸಮಕ್ಕೆ ಬಂದಿತು. ಹೊಸ ಪಿಕಪ್‌ನ ಬೆಲೆಯ ಮುಂದೆ ಈ ಖರ್ಚು ಏನೇನೂ ಅಲ್ಲ. ಆದ್ದರಿಂದ ಸದ್ಯಕ್ಕೆ, ಹೊರಗಿನ ಗದ್ದಲ ತುಸು ತಗ್ಗಲೆಂದು, ಪಿಕಪ್ ಕುಳಿಯ ಒಳಮೈಗೆ ತಾಮ್ರದ ಹಾಳೆ ಅಂಟಿಸಿ ಗ್ರೌಂಡ್‌ಗೆ ಜೋಡಿಸುವಷ್ಟಕ್ಕೆ ನಿಲ್ಲಿಸುತ್ತೇನೆ. ಮುಂದೆ ಧ್ವನಿಮುದ್ರಣದ ಕೆಲಸ ಹೆಚ್ಚಿದರೆ ಪಿಕಪ್ ಬದಲಿಸುವೆನಾದರೂ ಹಳೆಯ ಜೋಡಿಯನ್ನು ಮಾರದೆ ಎತ್ತಿಡುತ್ತೇನೆ, ಏಕೆಂದರೆ ಮೂಲ ಬಿಡಿಭಾಗಗಳಿಲ್ಲದ ವಾದ್ಯಕ್ಕೆ ಮರುಮಾರಾಟದಲ್ಲಿ ಸಾಮಾನ್ಯವಾಗಿ ಬೆಲೆ ಕಡಿಮೆ.