ವಾಲ್ ಫರ್ನೇಸ್ ಕ್ಲೀನ್ ಮಾಡುತ್ತೇವೆಂದು ಬಂದು ಬಿರುಕಿನ ಕಥೆ ಕಟ್ಟುವವರಿದ್ದಾರೆ, ಎಚ್ಚರ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಹಳೆಯ ಮನೆಗಳಲ್ಲಿರುವ ಕನ್ನಡಿಗರು, ಅದರಲ್ಲೂ ಚಳಿಗಾಲದಲ್ಲಿ ಊರಿನಿಂದ ತಂದೆತಾಯಿಯನ್ನು ಕರೆಸಿಕೊಂಡಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಗ್ಯಾಸ್ ವಾಲ್ ಫರ್ನೇಸ್ (ಮನೆಯನ್ನು ಬೆಚ್ಚಗಿಡಲು ಗೋಡೆಯೊಳಗೆ ಕೂರಿಸಿರುವ ಗ್ಯಾಸ್ ಹೀಟರ್) ಕ್ಲೀನ್ ಮಾಡಿ ಟ್ಯೂನ್ ಅಪ್ ಮಾಡಿಕೊಡುತ್ತೇವೆಂದು 89 ಡಾಲರ್‌ಗೆ ಒಪ್ಪಿಕೊಂಡು ಬಂದ ಕಂಪನಿಯೊಂದು, ಅದರ ಮೇಲೆ ಹೊಸ ಫರ್ನೇಸಿಗೆಂದು 500 ಡಾಲರ್ ಮುಂಗಡವನ್ನೂ ವಸೂಲಿ ಮಾಡಿ, ಉರಿಯುತ್ತಿದ್ದ ಫರ್ನೇಸನ್ನು ಆರಿಸಿ, ಅದಕ್ಕೆ ‘ಬಳಸಬಾರದು’ ಎಂಬ ಕೆಂಪು ಚೀಟಿ ಕಟ್ಟಿ ಹೋಯಿತು. ಒಳಗಿನ ಧೂಳಿನ ಒಂದು ಎಳೆಯನ್ನೂ ಅವರು ತೆಗೆದಿರಲಿಲ್ಲ.

ಸನಿವೇಲ್‌ನಲ್ಲಿರುವ ನಮ್ಮ ಮನೆ 1950ರ ದಶಕದ್ದು. ಆ ಕಾಲದ ಅನೇಕ ಮನೆಗಳಲ್ಲಿರುವಂತೆ ಇಲ್ಲಿಯೂ ಹಜಾರದ ಗೋಡೆಯ ಎರಡು ಕಂಬಗಳ ನಡುವೆ ಕಿರಿದಾದ ಗ್ಯಾಸ್ ಫರ್ನೇಸ್ ಇದೆ. ಫ್ಯಾನ್ ಇಲ್ಲ. ಕೆಳಗೆ ಒಂದೇ ಬರ್ನರ್, ಅದರ ಮೇಲೆ ಹೀಟ್ ಎಕ್ಸ್‌ಚೇಂಜರ್ ಎಂಬ ಎತ್ತರದ ತಗಡಿನ ಪೆಟ್ಟಿಗೆ. ಹೊಗೆ ಅದರೊಳಗಿಂದ ಏರಿ, ಗೋಡೆಯೊಳಗಿನ ಚಪ್ಪಟೆ ವೆಂಟ್ ಪೈಪಿನ ಮೂಲಕ ಛಾವಣಿಯಾಚೆಗೆ ಹೋಗುತ್ತದೆ, ಕೋಣೆಯ ಗಾಳಿ ಎಕ್ಸ್‌ಚೇಂಜರಿನ ಹೊರಮೈಗೆ ತಾಗಿ ಬಿಸಿಯಾಗಿ ಮೇಲಿನ ಜಾಲರಿಯಿಂದ ಹೊರಬರುತ್ತದೆ. ಈ ವಿವರವನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ. ನವೆಂಬರಿನಲ್ಲಿ ಪೈಲಟ್ (ಬರ್ನರನ್ನು ಹೊತ್ತಿಸಲು ಸದಾ ಉರಿಯುವ ಪುಟ್ಟ ಜ್ವಾಲೆ) ಆಗಾಗ ಆರತೊಡಗಿತು, ಬರ್ನರಿನ ಜ್ವಾಲೆಯ ತುದಿ ಹಳದಿಯಾಗಿತ್ತು. ಮೈಸೂರಿನಿಂದ ಅಮ್ಮ ಬಂದಿದ್ದರು. ಆದ್ದರಿಂದಲೇ ಕರೆ ಮಾಡಿದೆವು.

ಬಂದ ವ್ಯಕ್ತಿ ಕೆಳಗಿನ ಫಲಕವನ್ನಷ್ಟೇ ತೆಗೆದು, ಟಾರ್ಚ್ ಬಿಟ್ಟು ನೋಡಿ, ಎದ್ದು ನಿಂತು ತಲೆಯಾಡಿಸಿದ. ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ಬರುತ್ತಿದೆ, ಇವತ್ತು ರಾತ್ರಿ ಇದನ್ನು ಉರಿಸಿದರೆ ಜವಾಬ್ದಾರಿ ನಿಮ್ಮದು ಎಂದ. ಎದುರಿನ ಗೋಡೆಯಲ್ಲಿರುವ ನಮ್ಮ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಒಮ್ಮೆಯೂ ಕೂಗಿಲ್ಲವಲ್ಲ ಎಂದು ಕೇಳಿದ್ದಕ್ಕೆ, ‘ಅದು ಕೂಗುವಷ್ಟರಲ್ಲಿ ತಡವಾಗಿರುತ್ತದೆ’ ಎಂದ. ಅಳತೆ ಮಾಡುವ ಮೀಟರನ್ನು ಅವನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಬದಲಿಗೆ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ತುಕ್ಕು ಹಿಡಿದ ತಗಡು, ಅದರಲ್ಲಿ ಉದ್ದಕ್ಕೆ ಕಪ್ಪು ಬಿರುಕು. ಅಮ್ಮ ಪಕ್ಕದಲ್ಲೇ ನಿಂತಿದ್ದರು. ‘ವಯಸ್ಸಾದವರಿದ್ದಾರೆ, ಅವರ ಜೀವಕ್ಕೆ ಬೆಲೆ ಕಟ್ಟುತ್ತೀರಾ?’ ಎಂಬುದು ಅವನ ಮುಂದಿನ ಮಾತು. ಹೊಸ ಫರ್ನೇಸಿಗೆ 6,800 ಡಾಲರ್, ಅದನ್ನು ಕಾಯ್ದಿರಿಸಲು ಅರ್ಧ ಹಣ ಈಗಲೇ ಬೇಕು ಎಂದ. ವಾದ ಮಾಡಿ ಅದನ್ನು 500ಕ್ಕೆ ಇಳಿಸಿದೆ. ಸಹಿ ಹಾಕಿಸಿಕೊಂಡು, ಗ್ಯಾಸ್ ಬಂದ್ ಮಾಡಿ ಹೊರಟ.

ಆ ಫೋಟೋವನ್ನು ನಮಗೂ ಕಳುಹಿಸಿದ್ದ. ರಾತ್ರಿ ಅಮ್ಮನಿಗೆ ಎರಡು ರಗ್ಗು ಹೊದಿಸಿ ಬಂದು ಅದನ್ನು ದೊಡ್ಡದು ಮಾಡಿ ನೋಡಿದಾಗ ಮೈಯೆಲ್ಲ ಉರಿದುಹೋಯಿತು. ಬಿರುಕಿನ ಕೆಳಗೆ ಸಾಲಾಗಿ ನಾಲ್ಕು ಬರ್ನರುಗಳಿದ್ದವು. ನಮ್ಮ ಫರ್ನೇಸಿನಲ್ಲಿರುವುದು ಒಂದೇ ಒಂದು. ಡಕ್ಟ್ ಮೂಲಕ ಇಡೀ ಮನೆಗೆ ಬಿಸಿಗಾಳಿ ಕೊಡುವ, ಗ್ಯಾರೇಜಿನಲ್ಲೋ ಅಟ್ಟದಲ್ಲೋ ಇರುವ ದೊಡ್ಡ ಫರ್ನೇಸಿನ ಚಿತ್ರ ಅದು. ನಮ್ಮ ಮನೆಯದ್ದೇ ಅಲ್ಲ! ಅಮ್ಮನ ಮುಂದೆ ನಿಂತು, ಯಾರದೋ ಮನೆಯ ಫರ್ನೇಸನ್ನು ನಮ್ಮದೆಂದು ತೋರಿಸಿ ನಮ್ಮನ್ನು ಹೆದರಿಸಿದ್ದ. ಈಗಲೂ ನೆನೆದರೆ ಸಿಟ್ಟು, ನಾಚಿಕೆ ಎರಡೂ ಬರುತ್ತವೆ.

ಮರುದಿನ ಕರೆ ಮಾಡಿ ಕೇಳಿದರೆ, ‘ಅದು ಮಾದರಿ ಚಿತ್ರ, ನಿಮಗೆ ಅರ್ಥವಾಗಲಿ ಎಂದು ತೋರಿಸಿದ್ದು’ ಎಂಬ ಉತ್ತರ. ಕ್ಲೀನಿಂಗ್ ಏಕೆ ಮಾಡಲಿಲ್ಲ ಎಂದರೆ, ‘ಟ್ಯೂನ್ ಅಪ್ ಎಂದರೆ ತಪಾಸಣೆ, ಕ್ಲೀನಿಂಗ್ ಬೇರೆ ಪ್ಯಾಕೇಜ್’. ಕರಾರು ರದ್ದು ಮಾಡಿ ಎಂದರೆ, ‘ಉಪಕರಣ ಆರ್ಡರ್ ಆಗಿಹೋಗಿದೆ’. ಮ್ಯಾನೇಜರ್ ಎನ್ನಿಸಿಕೊಂಡವರು ಮತ್ತೆ ಅದೇ ಮಾತು ಹೇಳಿದರು: ‘ಸುರಕ್ಷತೆಗೆ ಬೆಲೆ ಕಟ್ಟಲಾಗದು.’ ಬಾಯಿಪಾಠ ಮಾಡಿಸಿದ್ದಾರೆ!

ಆಮೇಲೆ ಇಲ್ಲಿ ಗ್ಯಾಸ್ ಪೂರೈಸುವ ಕಂಪನಿಯಾದ ಪಿಜಿ ಅಂಡ್ ಇಗೆ ಫೋನ್ ಮಾಡಿದೆವು. ಗ್ಯಾಸ್ ಉಪಕರಣಗಳ ಸುರಕ್ಷತಾ ತಪಾಸಣೆಯನ್ನೂ ಪೈಲಟ್ ಹೊತ್ತಿಸುವ ಕೆಲಸವನ್ನೂ ಅವರು ಉಚಿತವಾಗಿ ಮಾಡಿಕೊಡುತ್ತಾರೆ, ಇದು ನಮ್ಮವರಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಬಂದವರು ಮೀಟರ್ ಹಿಡಿದು ಅಳೆದರು, ಹೊಗೆ ಸರಿಯಾಗಿ ಮೇಲೆ ಹೋಗುತ್ತಿದೆಯೇ ಎಂದು ನೋಡಿದರು, ಕನ್ನಡಿ ಹಿಡಿದು ಎಕ್ಸ್‌ಚೇಂಜರ್ ಪರೀಕ್ಷಿಸಿದರು. ಬಿರುಕು ಇರಲಿಲ್ಲ. ಥರ್ಮೋಕಪಲ್ (ಪೈಲಟ್ ಆರಿದರೆ ಗ್ಯಾಸ್ ನಿಲ್ಲುವಂತೆ ಮಾಡುವ ಭಾಗ) ದುರ್ಬಲವಾಗಿದೆ, ಬರ್ನರ್ ಕ್ಲೀನ್ ಮಾಡಿಸಿ ಎಂದರು.

ಲೈಸೆನ್ಸ್ ಇರುವ ಇನ್ನೊಬ್ಬರು ಆ ಕೆಲಸವನ್ನು 165 ಡಾಲರ್‌ಗೆ ಮುಗಿಸಿದರು. ಮೊದಲು ಗ್ಯಾಸ್ ಬಂದ್ ಮಾಡಿ, ಫರ್ನೇಸ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ಬರ್ನರನ್ನು ಹೊರಗೆಳೆದರು. ಅದರ ಗಾಳಿಕಿಂಡಿಗೆ ಕಾರ್ಪೆಟ್ಟಿನ ನೂಲು, ಕೂದಲು, ಧೂಳು ಸೇರಿ ಬೂದು ಬಣ್ಣದ ಕಂಬಳಿಯಂತೆ ಕುಳಿತಿತ್ತು. ಗಾಳಿ ಸಾಲದೆ ಜ್ವಾಲೆ ಹಳದಿಯಾಗುತ್ತಿದ್ದದ್ದು ಅದರಿಂದಲೇ. ಪೈಲಟ್ಟಿನ ರಂಧ್ರದ ಬಾಯಲ್ಲಿ ಜೇಡರ ಬಲೆ. ಮೆತ್ತನೆಯ ಬ್ರಷ್, ವ್ಯಾಕ್ಯೂಮ್, ಒಂದಿಷ್ಟು ಒತ್ತಡದ ಗಾಳಿ, ಹೊಸ ಥರ್ಮೋಕಪಲ್, ಇಷ್ಟೇ. ಜ್ವಾಲೆ ನೀಲಿಯಾಯಿತು.

ಎಕ್ಸ್‌ಚೇಂಜರಿನಲ್ಲಿ ಬಿರುಕು ನಿಜವಾಗಿ ಬಿಟ್ಟರೆ ಅದು ಪ್ರಾಣಾಪಾಯವೇ, ಅಲಕ್ಷ್ಯ ಮಾಡುವಂತಿಲ್ಲ. ಆ ಭಯವೇ ಇವರ ಬಂಡವಾಳ. ಬಿರುಕು ಎಂದವರಿಗೆ, ನಮ್ಮ ಕಣ್ಣೆದುರೇ ನಮ್ಮ ಫರ್ನೇಸಿನಲ್ಲಿ ತೋರಿಸಿ, ಮೀಟರಿನ ಅಂಕಿ ಬರೆದುಕೊಡಿ ಎನ್ನಿ. ಫೋನಿನ ಫೋಟೋ ನಂಬಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಫರ್ನೇಸ್ ಹಾಕುವಂಥ ಕೆಲಸಕ್ಕೆ ಸಿ-20 ಎಂಬ ಹೀಟಿಂಗ್ ಗುತ್ತಿಗೆದಾರರ ಲೈಸೆನ್ಸ್ ಬೇಕು, ಅದರ ಸಂಖ್ಯೆಯನ್ನು ಗುತ್ತಿಗೆದಾರರ ಪರವಾನಗಿ ಮಂಡಳಿಯ ಜಾಲತಾಣದಲ್ಲಿ ಪರಿಶೀಲಿಸಬಹುದು. ಮುಂಗಡವು ಒಟ್ಟು ಬೆಲೆಯ ಶೇಕಡಾ 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಅಂದರೆ ಅವನು ಅರ್ಧ ಹಣ ಕೇಳಿದ್ದೇ ಕಾನೂನಿಗೆ ವಿರುದ್ಧ. ಮನೆಯಲ್ಲಿ ಕುಳಿತು ಮಾಡಿಕೊಂಡ ಇಂಥ ಕರಾರನ್ನು ಸಾಮಾನ್ಯವಾಗಿ ಮೂರು ಕೆಲಸದ ದಿನಗಳೊಳಗೆ ಲಿಖಿತವಾಗಿ ರದ್ದು ಮಾಡುವ ಹಕ್ಕೂ ನಮಗಿದೆ.

ನಾವು ಆ ಅವಧಿಯೊಳಗೇ ರದ್ದತಿ ಪತ್ರ ಕಳುಹಿಸಿದ್ದೆವು. ಹಣ ಬಾರದಿದ್ದಾಗ ಮಂಡಳಿಗೆ ದೂರು ಕೊಟ್ಟು, ಆ ಫೋಟೋವನ್ನೂ ನಮ್ಮ ಫರ್ನೇಸಿನ ಒಂಟಿ ಬರ್ನರಿನ ಫೋಟೋವನ್ನೂ ಲಗತ್ತಿಸಿದ್ದೇವೆ. ದೂರಿನ ಸುದ್ದಿ ತಿಳಿದ ಮೇಲೆ ಕಂಪನಿಯಿಂದ ಬಂದ ಇಮೇಲ್ ಹೀಗಿತ್ತು: ‘ದೂರು ಹಿಂತೆಗೆದುಕೊಂಡರೆ ಅರ್ಧ ಹಣ ಹಿಂದಿರುಗಿಸಲು ಯೋಚಿಸುತ್ತೇವೆ.’ ಆ ಇಮೇಲನ್ನೂ ದೂರಿಗೆ ಸೇರಿಸಿದ್ದೇವೆ.