ಮಗುವಿನ ಹೆಸರಲ್ಲಿ ಅಂಚೆ ಉಳಿತಾಯ ಖಾತೆ: ವಾತ್ಸಲ್ಯದ ಹಣಕ್ಕೆ ಇದು ಸರಿಯಾ?

ಅಪ್ಪ ಅಮ್ಮ ಇಲ್ಲದ ಮಗುವನ್ನು ಸಂಬಂಧಿಕರು ಸಾಕುತ್ತಿದ್ದರೆ, ಅರ್ಹತೆ ಇದ್ದವರಿಗೆ ಸರ್ಕಾರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಆ ಹಣಕ್ಕೆ ಖಾತೆ ಎಲ್ಲಿ ಮಾಡಿಸೋದು ಅಂತ ನಮ್ಮ ಕಡೆ ಸುಮಾರು ಜನ ಕೇಳುತ್ತಾರೆ. ನಾವು ಕುಮಟಾ ತಾಲೂಕಿನವರು. ಅಕ್ಕ, ಭಾವ ಇಬ್ಬರೂ ಹೋದ ಮೇಲೆ ಅಕ್ಕನ ಮಗಳು ನಮ್ಮ ಜೊತೆ ಇದ್ದಾಳೆ. ಅವಳ ಖಾತೆ ಇರುವುದು ಅಂಚೆ ಕಚೇರಿಯಲ್ಲಿ. ನನಗೆ ಬಹಳ ಇಷ್ಟವಾಗಿದೆ, ಕೊರತೆಗಳೂ ಇವೆ, ಎರಡನ್ನೂ ಹೇಳುತ್ತೇನೆ.

ಮೊದಲು ಒಳ್ಳೆಯದು. 500 ರೂಪಾಯಿ ಇದ್ದರೆ ಖಾತೆ ಶುರುವಾಗುತ್ತದೆ, ಅಷ್ಟು ಹಣ ಯಾವಾಗಲೂ ಖಾತೆಯಲ್ಲಿ ಇದ್ದರೆ ಸಾಕು. ಬಡ್ಡಿ ವರ್ಷಕ್ಕೆ ಶೇಕಡಾ 4. ಆದರೆ ನಾನು ಇದನ್ನು ಆರಿಸಿದ್ದು ಬಡ್ಡಿಗಲ್ಲ. 10 ವರ್ಷ ದಾಟಿದ ಮಗು ಇಲ್ಲಿ ತನ್ನ ಹೆಸರಲ್ಲೇ ಖಾತೆ ತೆರೆದು ತಾನೇ ಸಹಿ ಹಾಕಿ ಹಣ ತೆಗೆಯಬಹುದು. ನಮ್ಮ ಹುಡುಗಿ ಹಾಗೇ ಮಾಡುತ್ತಾಳೆ. ಪಾಸ್‌ಬುಕ್ ಅವಳ ಶಾಲೆ ಚೀಲದ ಪಕ್ಕದಲ್ಲೇ ಇರುತ್ತದೆ. ಎಷ್ಟು ಬಂತು, ಎಷ್ಟು ಹೋಯಿತು, ಯಾತಕ್ಕೆ ಹೋಯಿತು ಅಂತ ಅವಳಿಗೆ ಗೊತ್ತು. "ಚಿಕ್ಕಿ, ಈ ಸಲ ಬಡ್ಡಿ ಹಾಕಿದ್ದಾರೆ ನೋಡು" ಅಂತ ತೋರಿಸುತ್ತಾಳೆ. ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಏನು ಬೇಕು ಹೇಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮದು ಬೋಟ್ ನಂಬಿದ ಮನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ. ಕೈಯಲ್ಲಿ ಕಾಸು ಇರುವುದಿಲ್ಲ. ಅದೇ ಹೊತ್ತಿಗೆ ಶಾಲೆ ಶುರು, ಪಟ್ಟಿ ಪುಸ್ತಕ, ಮಳೆಗಾಲಕ್ಕೆ ಕೊಡೆ, ಚಪ್ಪಲಿ, ಎಲ್ಲ ಒಟ್ಟಿಗೆ. ಆಗ ಮಗುವಿನ 4,000 ದೊಡ್ಡವರ ಖಾತೆಗೆ ಬಂದು ಬಿದ್ದರೆ ಅದು ಕಿರಾಣಿ ಅಂಗಡಿಯ ಸಾಲಕ್ಕೆ ಹೋಗಿಬಿಡುತ್ತದೆ, ಯಾರ ಮನಸ್ಸೂ ಕೆಟ್ಟದ್ದಲ್ಲ, ಆದರೂ ಹೋಗುತ್ತದೆ. ಬೇರೆ ಖಾತೆ, ಬೇರೆ ಪಾಸ್‌ಬುಕ್, ಮಗುವಿನ ಸಹಿ ಇದ್ದರೆ ಎರಡು ಸಲ ಯೋಚನೆ ಮಾಡುತ್ತೇವೆ. ಅವಳ ಊಟ, ಬಟ್ಟೆ, ಓದು, ಔಷಧಕ್ಕೆ ಖರ್ಚು ಮಾಡಲೇಬೇಕು, ಅದಕ್ಕೇ ಆ ಹಣ ಕೊಡುವುದು. ಉಳಿದರೆ ಅದೇ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಕಟ್ಟಬಹುದು, 5 ವರ್ಷದ್ದು. ನಾನು ಬಿಲ್ಲುಗಳನ್ನೂ ಒಂದು ಕವರಿನಲ್ಲಿ ಹಾಕಿ ಇಡುತ್ತೇನೆ, ವರ್ಷವರ್ಷ ಪರಿಶೀಲನೆ ಆಗುವಾಗ ತೋರಿಸಲು ಬರುತ್ತದೆ.

ಈಗ ಕೊರತೆ. 10 ವರ್ಷದೊಳಗಿನ ಮಗುವಾದರೆ ದೊಡ್ಡವರೇ ಖಾತೆ ನಡೆಸಬೇಕು. ಅಪ್ಪ ಅಥವಾ ಅಮ್ಮ ಇದ್ದರೆ ಪ್ರಶ್ನೆ ಇಲ್ಲ. ಚಿಕ್ಕಮ್ಮ, ಸೋದರ ಮಾವ, ಅಜ್ಜಿ ಆದರೆ ಕಾನೂನು ಪ್ರಕಾರ ಪಾಲಕರು ಯಾರು ಅನ್ನೋ ಕಾಗದ ಕೇಳುತ್ತಾರೆ. ಅಜ್ಜಿಯರಿಗೆ ಇದು ನಿಜಕ್ಕೂ ಕಷ್ಟ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಪ್ರತಿ ಇದ್ದರೆ ಜೊತೆಗೆ ಇಟ್ಟುಕೊಳ್ಳಿ. ಯಾವ ಖಾತೆ ನಡೆಯುತ್ತದೆ, ಯಾವ ಕಾಗದ ಬೇಕು ಅಂತ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮೊದಲೇ ಕೇಳಿಬಿಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಘಟಕ ಇರುವುದು ಕಾರವಾರದಲ್ಲಿ. ಶಿರಸಿ, ಸಿದ್ದಾಪುರದವರು ಮಳೆಯಲ್ಲಿ ಘಟ್ಟ ಇಳಿದು ಬಂದು "ಇದೊಂದು ಜೆರಾಕ್ಸ್ ಕಡಿಮೆ ಇದೆ" ಅಂತ ಕೇಳಿಸಿಕೊಂಡು ವಾಪಸ್ ಹೋಗುವುದು ಬೇಡ, ಫೋನ್ ಮಾಡಿಯೇ ಹೊರಡಿ.

ಇನ್ನೊಂದು ಜಾಸ್ತಿ ತಲೆನೋವಿನ ವಿಷಯ, ಆಧಾರ್ ಜೋಡಣೆ. ಆಧಾರ್ ಮೇಲೆ ಬರುವ ಹಣ, ಅಂದರೆ ವಿದ್ಯಾರ್ಥಿವೇತನದಂಥದ್ದು, ಕೊನೆಯದಾಗಿ ಯಾವ ಖಾತೆಗೆ ಜೋಡಿಸಿದ್ದೀರೋ ಅಲ್ಲಿಗೇ ಹೋಗುತ್ತದೆ. ನಮ್ಮ ಹುಡುಗಿಗೆ ಸಣ್ಣವಳಿದ್ದಾಗ ಒಂದು ಬ್ಯಾಂಕಿನಲ್ಲಿ ಖಾತೆ ಮಾಡಿಸಿದ್ದರು, ಎಲ್ಲರೂ ಮರೆತಿದ್ದರು. ಹಣ ಸುಮ್ನೆ ಅಲ್ಲಿ ಹೋಗಿ ಕೂತಿತ್ತು, ಅದರಲ್ಲಿ ಶುಲ್ಕ ಅಂತ ಸ್ವಲ್ಪ ಮುರಿದುಕೊಂಡೂ ಇದ್ದರು. ಮಗುವಿನ ಹಣದಲ್ಲಿ ಮುರಿಯುವುದು ನನಗೆ ಬಹಳ ಬೇಜಾರಾಯಿತು. ಆದ್ದರಿಂದ ಹೊಸ ಖಾತೆ ಮಾಡಿಸಿದ ದಿನವೇ ಆಧಾರ್ ಜೋಡಣೆ ಅರ್ಜಿಯನ್ನೂ ಕೊಡಿ, ಹಳೆಯದು ಇದೆಯಾ ವಿಚಾರಿಸಿ.

ಯೋಜನೆಯ ಬಗ್ಗೆಯೂ ಒಂದು ಮಾತು. ಕುಟುಂಬದ ವರಮಾನದ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಪೇಟೆಯಲ್ಲಿ 96,000. ಹಳ್ಳಿಯಲ್ಲಿ ತಿಂಗಳಿಗೆ 6,000 ಆಯಿತಲ್ವಾ? ಕೂಲಿಗೆ ಹೋಗುವ ಮನೆಯೂ ಇದನ್ನು ದಾಟುತ್ತದೆ. ಇದು ಏರಬೇಕು. ಮಗು 30 ದಿನಕ್ಕಿಂತ ಹೆಚ್ಚು ಶಾಲೆ ತಪ್ಪಿಸಿದರೆ ಹಣ ನಿಲ್ಲಬಹುದು, ಜ್ವರ ಗಿರ ಬಂದು ಮನೆಯಲ್ಲೇ ಉಳಿದರೆ ಡಾಕ್ಟರ ಚೀಟಿ ಎತ್ತಿಡಿ.

ಒಟ್ಟಿನಲ್ಲಿ 10 ದಾಟಿದ ಮಗುವಿದ್ದರೆ ಯೋಚನೆ ಮಾಡದೆ ಅಂಚೆ ಖಾತೆ ಮಾಡಿಸಿ. 15 ವರ್ಷ ಆದಾಗ ಆಧಾರ್‌ಗೆ ಬೆರಳಚ್ಚು ಹೊಸದಾಗಿ ಕೊಡಬೇಕು. 18 ತುಂಬಿದಾಗ ಖಾತೆಗೂ ಹೊಸ ಅರ್ಜಿ, ಹೊಸ ದಾಖಲೆ ಕೊಡಬೇಕು. ಆ ತಾರೀಕುಗಳನ್ನು ಪಾಸ್‌ಬುಕ್ಕಿನ ಒಳರಟ್ಟಿನ ಮೇಲೆ ಈಗಲೇ ಬರೆದಿಡಿ.